ಇಟ್ಟಿಗೆ ಗಟ್ಟಿನೇ ಇದೆ, ತಳ್ಳಾಟ ಎಲ್ಲಿಗೆ ಹೋಗುತ್ತೆ ನೋಡಿ: ಕಮಾನು, ಗುಮ್ಮಟದ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೇಲಿ ಕಬ್ಬಿಣ ಹಾಕದೆ ಬರೀ ಇಟ್ಟಿಗೇಲೂ ಚಾವಣಿ ಕಟ್ಟಬಹುದು ಅಂತ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೆ ಬಂದಿರೋ ಪತ್ರ, ಮೆಸೇಜು ನೋಡಿದ್ರೆ ಅರ್ಧ ಜನ ನನ್ನ ಡಿಗ್ರಿ ಅಸಲಿನಾ ಅಂತ ಕೇಳಿದಾರೆ, ಇನ್ನರ್ಧ ಜನ ನಾಳೇನೇ ಪಾಯ ತೋಡೋಕೆ ಹೊರಟಿದಾರೆ. ಎರಡೂ ಕಡೆಯವರಿಗೂ ಸೇರಿಸಿ ಈ ಸಲದ ಕಾಲಂ ಪೂರ್ತಿ ಕಮಾನು, ಗುಮ್ಮಟಕ್ಕೇ ಬಿಟ್ಟಿದೀನಿ.

ತಿಪಟೂರಿನ ತೋಟದ ಮನೆ ಕಟ್ಟಿಸ್ತಿರೋ ಓದುಗರು: 12 ಅಡಿ ಅಗಲದ ರೂಮಿಗೆ ಇಟ್ಟಿಗೆ ಕಮಾನಿನ ಚಾವಣಿ ಹಾಕಿಸ್ಬೇಕು ಅಂತ ಆಸೆ ಸರ್. ನಮ್ಮ ಮೇಸ್ತ್ರಿ "ಕಬ್ಬಿಣ ಇಲ್ದೆ ಒಂದು ದಿನಾನೂ ನಿಲ್ಲಲ್ಲ, ನನ್ನ ಮೇಲೆ ಕೇಸ್ ಆಗುತ್ತೆ" ಅಂತಾರೆ. ಯಾರ ಮಾತು ಕೇಳಲಿ?

ಮೇಸ್ತ್ರಿ ಹೆದರಿಕೆ ಸರಿಯಾಗೇ ಇದೆ ಸ್ವಾಮಿ, ಆದ್ರೆ ಹೆದರ್ತಿರೋ ಜಾಗ ತಪ್ಪು. ಅವ್ರು ಇಟ್ಟಿಗೆ ಮುರಿಯುತ್ತೆ ಅಂತ ಹೆದರ್ತಿದಾರೆ. ಇಟ್ಟಿಗೆಗೆ ಏನೂ ಆಗಲ್ಲ, ಆಗೋದೇನಿದ್ರೂ ಗೋಡೆಗೆ.

ಮೊದಲು ಒಂದು ಕೆಲಸ ಮಾಡಿ. ಹಾರ್ಡ್‌ವೇರ್ ಅಂಗಡೀಲಿ ಸಿಗೋ ಸಣ್ಣ ಕಬ್ಬಿಣದ ಸರಪಳಿ ಒಂದೆರಡು ಮೀಟರ್ ತಗೊಂಡು ಗೋಡೆಗೆ ಎರಡು ಮೊಳೆ ಹೊಡೆದು ಜೋತುಬಿಡಿ. ಅದು ಜೋತಾಡೋ ಗೆರೆ ಇದ್ಯಲ್ಲ, ಅಲ್ಲಿ ಪ್ರತಿ ಕೊಂಡಿನೂ ಬರೀ ಎಳೆತದಲ್ಲಿರುತ್ತೆ, ಬಗ್ಗೋ ಪ್ರಶ್ನೆನೇ ಇಲ್ಲ ಯಾಕಂದ್ರೆ ಸರಪಳಿಗೆ ಬಗ್ಗೋದನ್ನ ತಡೆಯೋ ಶಕ್ತಿನೇ ಇಲ್ಲ. ಈಗ ಆ ಗೆರೇನ ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಗುರ್ತು ಮಾಡ್ಕೊಂಡು ತಲೆಕೆಳಗು ಮಾಡಿ ನೋಡಿ, ಎಳೆತ ಇದ್ದ ಕಡೆಯೆಲ್ಲ ಒತ್ತು ಆಯ್ತು. ಇಟ್ಟಿಗೆ, ಕಲ್ಲು, ಗಾರೆ ಇವಕ್ಕೆಲ್ಲ ಎಳೆದ್ರೆ ಆಗಲ್ಲ, ಒತ್ತಿದ್ರೆ ಎಷ್ಟು ಬೇಕಾದ್ರೂ ತಡ್ಕೊಳ್ತವೆ. ರಾಬರ್ಟ್ ಹುಕ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಇದನ್ನ 1675ರಲ್ಲೇ ಕಂಡ್ಕೊಂಡಿದ್ದ, ಆದ್ರೆ ಬೇರೆಯವ್ರು ಕದೀತಾರೆ ಅಂತ ಲ್ಯಾಟಿನ್ ವಾಕ್ಯದ ಅಕ್ಷರಗಳನ್ನೆಲ್ಲ ಕಲಸಿ ಒಗಟು ಮಾಡಿ ಅಚ್ಚು ಹಾಕ್ಸಿದ, ಅದನ್ನ ಬಿಡಿಸಿ ಜನರಿಗೆ ಹೇಳಿದ್ದು ಅವನು ಸತ್ತ ಮೇಲೆ. ಜೋತಾಡೋ ಸರಪಳಿ ಹೆಂಗೋ ತಲೆಕೆಳಗಾಗಿ ನಿಂತ ಕಮಾನು ಹಂಗೆ, ಅಷ್ಟೇ ಆ ವಾಕ್ಯದ ಸಾರ.

ಕಮಾನಿನ ಎರಡೂ ಭುಜದ ಮೇಲೆ ಮಣ್ಣು, ಜಲ್ಲಿ ತುಂಬೋದಿದ್ರೆ ಸರಪಳಿಯ ಆ ಜಾಗದಲ್ಲಿ ಬಟ್ಟೆ ಕ್ಲಿಪ್ ಸಿಕ್ಕಿಸಿ. ಭಾರಕ್ಕೆ ತಕ್ಕ ಹಾಗೆ ಗೆರೆ ಬದಲಾಗೋದು ಕಣ್ಣಿಗೇ ಕಾಣುತ್ತೆ. ನಾನು ಸೈಟಲ್ಲಿ ಮೇಸ್ತ್ರಿಗಳಿಗೆ ತೋರಿಸೋದೂ ಇದನ್ನೇ, ಡ್ರಾಯಿಂಗ್ ತೋರಿಸಿದ್ರೆ ತಲೆ ಅಲ್ಲಾಡಿಸಿ ಬೀಡಿ ಹಚ್ಚೋ ಜನ ಕ್ಲಿಪ್ ಹಾಕಿದ್ರೆ ತಾವೇ ಬಂದು ಇನ್ನೊಂದು ಕ್ಲಿಪ್ ಹಾಕಿ ನೋಡ್ತಾರೆ.

ಈಗ ಲೆಕ್ಕ. 12 ಅಡಿ ಅಂದ್ರೆ 3.6 ಮೀಟರ್. ಅರ್ಧ ಇಟ್ಟಿಗೆ ದಪ್ಪದ ಕಮಾನು, ಮೇಲೆ ಗಾರೆ, ಓಡಾಡೋ ಜನ ಎಲ್ಲ ಸೇರಿ ಚದರ ಮೀಟರ್‌ಗೆ 400 ಕೆಜಿ ಅಂತ ಇಟ್ಕೊಳ್ಳಿ. ಕಮಾನಿನ ನಡು ಗೋಡೆ ತಲೆಯಿಂದ 3 ಅಡಿ, ಅಂದ್ರೆ 0.9 ಮೀಟರ್ ಮೇಲೆ ಇರ್ಲಿ. ಭಾರಾನ ಅಗಲದ ವರ್ಗದಿಂದ ಗುಣಿಸಿ, ಎತ್ತರದ ಎಂಟರಷ್ಟರಿಂದ ಭಾಗಿಸಿದ್ರೆ ಗೋಡೆ ತಲೆನ ಹೊರಕ್ಕೆ ತಳ್ಳೋ ಬಲ ಸಿಗುತ್ತೆ: ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ 720 ಕೆಜಿ. ಕೆಳಕ್ಕೆ ಬೀಳೋ ಭಾರನೂ ಕಾಕತಾಳೀಯವಾಗಿ 720 ಕೆಜಿನೇ. ಎರಡೂ ಸೇರಿ ಓರೆಯಾಗಿ ಇಟ್ಟಿಗೆ ಮೇಲೆ ಬೀಳೋ ಒತ್ತು ಚದರ ಸೆಂಟಿಮೀಟರ್‌ಗೆ ಒಂದು ಕೆಜಿಗಿಂತ ಕಮ್ಮಿ, ನಮ್ಮ ಕಡೆ ಸಿಗೋ ಸಾಧಾರಣ ಇಟ್ಟಿಗೆ 35 ಕೆಜಿ ಒತ್ತಿದ್ರೂ ತಡ್ಕೊಳ್ಳುತ್ತೆ. ನೋಡಿದ್ರಾ, ಇಟ್ಟಿಗೆ ಪಾಲಿಗೆ ಇದು ತಲೆ ಮೇಲೆ ಟವೆಲ್ ಹಾಕ್ಕೊಂಡಂಗೆ.

ಆದ್ರೆ ಗೋಡೆ? 9 ಇಂಚಿನ ಗೋಡೆ, 10 ಅಡಿ ಎತ್ತರ, ಅದರ ತಲೆನ 720 ಕೆಜಿ ಹೊರಕ್ಕೆ ತಳ್ತಿದೆ. ಗೋಡೆ ತನ್ನ ಭಾರದಿಂದ, ಮೇಲಿನ ಚಾವಣಿ ಭಾರದಿಂದ ಎಷ್ಟು ಗಟ್ಟಿಯಾಗಿ ನಿಲ್ಲಬಲ್ಲದು ಅಂತ ಲೆಕ್ಕ ಹಾಕಿದ್ರೆ ಬೇಕಾಗಿರೋದರ ಒಂಬತ್ತನೇ ಒಂದು ಭಾಗನೂ ಆಗಲ್ಲ. ಒಂದು ಚೂರು ಅನುಮಾನ ಇಲ್ಲ, ಸೆಂಟ್ರಿಂಗ್ ಬಿಚ್ಚಿದ ದಿನಾನೇ ಎರಡೂ ಗೋಡೆ ಅಂಗಳಕ್ಕೆ ಬೀಳುತ್ತೆ, ಕಮಾನು ಪಾಪ ಆಮೇಲೆ ಕೆಳಕ್ಕೆ ಬರುತ್ತೆ, ಊರಲ್ಲಿ ಎಲ್ಲ "ಕಬ್ಬಿಣ ಹಾಕದ ಚಾವಣಿ ಬಿತ್ತು" ಅಂತ ಮಾತಾಡ್ಕೊಳ್ತಾರೆ. ಇನ್ನೂ ಚೆನ್ನಾಗಿ ಕಾಣ್ಲಿ ಅಂತ ಕಮಾನಿನ ಎತ್ತರಾನ ಒಂದೂವರೆ ಅಡಿಗೆ ಇಳಿಸಿದ್ರಂತೂ ತಳ್ಳಾಟ ಡಬಲ್, 1440 ಕೆಜಿ. ಚಪ್ಪಟೆ ಆದಷ್ಟೂ ತಳ್ಳೋದು ಜಾಸ್ತಿ ಅನ್ನೋದು ಮರೀಬೇಡಿ, ಆರ್ಕಿಟೆಕ್ಟ್‌ಗಳಿಗೆ ಚಪ್ಪಟೆ ಅಂದ್ರೆ ಪ್ರಾಣ.

ಹಾಗಾಗಿ ನಿಮ್ಮ ಮೇಸ್ತ್ರಿ ಕೇಳೋ ಕಬ್ಬಿಣ ಬೇಕು, ಆದ್ರೆ ಚಾವಣಿ ಒಳಗಲ್ಲ. ಎರಡೂ ಗೋಡೆ ತಲೆ ಮೇಲೆ ಒಂದೊಂದು ಕಾಂಕ್ರೀಟ್ ಬೀಮ್ ಓಡಿಸಿ, ಆ ಎರಡು ಬೀಮನ್ನ ರೂಮಿಗೆ ಅಡ್ಡಲಾಗಿ ಕಂಬಿಯಿಂದ ಕಟ್ಟಿ. ಒಂದೂವರೆ ಮೀಟರ್‌ಗೆ ಒಂದು ಕಂಬಿ ಅಂದ್ರೆ ಒಂದರ ಮೇಲೆ 1080 ಕೆಜಿ ಬೀಳುತ್ತೆ. ಲೆಕ್ಕಕ್ಕೆ 12 ಎಂಎಂ ಸಾಕು, ತುಕ್ಕಿಗೆ ಅಂತ ನಾನು 16 ಎಂಎಂ ಹಾಕಿಸ್ತೀನಿ. ರೂಮಲ್ಲಿ ಕಂಬಿ ಕಾಣುತ್ತೆ, ಅಸಹ್ಯ ಅನ್ಸಿದ್ರೆ ಫ್ಯಾನ್ ನೇತುಹಾಕಿ ಅಂತ ತಮಾಷೆಗೂ ಹೇಳಬೇಡಿ, ಅದನ್ನ ನಿಜವಾಗ್ಲೂ ಮಾಡಿದ ಮನೆ ನೋಡಿದೀನಿ. ಇದೆಲ್ಲ ಅಂದಾಜಿನ ಲೆಕ್ಕ, ನಿಮ್ಮ ಮಣ್ಣು, ನಿಮ್ಮ ಗೋಡೆ ನೋಡಿ ಒಬ್ಬ ಇಂಜಿನಿಯರ್ ಸಹಿ ಹಾಕ್ಲಿ. ಕಲ್ಲು, ಮಣ್ಣಿನ ಬ್ಲಾಕ್, ಇಟ್ಟಿಗೆ ಚಾವಣಿ ಇವುಗಳ ಮೇಲೆ ಕೆಲಸ ಮಾಡಿರೋರು ನಮ್ಮಲ್ಲೇ ಇದಾರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆಸ್ತ್ರ ಅನ್ನೋ ಕೇಂದ್ರದಿಂದ ಬಂದ ಕೆಲಸ ಅದು.

ವಿಜಯಪುರದ ಬಿ.ಇ. ವಿದ್ಯಾರ್ಥಿ: ಗೋಳಗುಮ್ಮಟ ನಮ್ಮ ಮನಿಯಿಂದ ಕಾಣತೈತ್ರಿ ಸರ್, ಸಣ್ಣಾಂವ ಇದ್ದಾಗಿಂದ ಒಳಗ ಹೋಗಿ ಕೂಗೀನಿ. ಆದ್ರ ನಡುವ ಒಂದ ಕಂಬ ಇಲ್ಲದ ಅಷ್ಟ ದೊಡ್ಡದ ಹ್ಯಾಂಗ ನಿಂತೈತಿ ಅಂತ ಕಾಲೇಜಿನ್ಯಾಗ ಕೇಳಿದ್ರ "ಹಿಂದಿನವರ ಕಲಾ" ಅಂತಾರ್ರೀ.

ಕಲೆನೇ ತಮ್ಮಾ, ಆದ್ರೆ ಅದರ ಒಳಗೆ ಲೆಕ್ಕ ಇದೆ. ಮುಂದಿನ ಸಲ ಹೋದಾಗ ಕೂಗೋದು ಬಿಟ್ಟು ನೆಲದ ಮೇಲೆ ನಿಂತು ಮೇಲಕ್ಕೆ ನೋಡು. ಕೆಳಗಿನ ಹಾಲ್ ಚೌಕ, ಒಂದೊಂದು ಬದಿ ಸುಮಾರು 135 ಅಡಿ. ಮೇಲಿನ ಗುಮ್ಮಟ ಗುಂಡಗೆ, ಒಳಗಿನ ಅಡ್ಡಳತೆ ಸುಮಾರು 124 ಅಡಿ, ಹೊರಗಿಂದ 144. ಚೌಕದ ಮೇಲೆ ಗುಂಡು ಕೂರಿಸೋದೇ ಇಲ್ಲಿನ ಕಷ್ಟ, ಮೂಲೆಗಳಲ್ಲಿ ಗುಮ್ಮಟಕ್ಕೆ ಕೆಳಗೆ ಏನೂ ಇರಲ್ಲ. ಅದಕ್ಕೆ ಆ ಕಾಲದವ್ರು ಏನ್ ಮಾಡಿದ್ರು ಅಂದ್ರೆ ಒಂದು ಚೌಕ, ಅದರ ಮೇಲೆ ಓರೆಯಾಗಿ ತಿರುಗಿಸಿದ ಇನ್ನೊಂದು ಚೌಕ, ಈ ಎರಡೂ ಚೌಕದ ಬದಿಗಳ ಮೇಲೆ ಒಟ್ಟು ಎಂಟು ಕಮಾನು ಎಬ್ಬಿಸಿದ್ರು, ಅವು ಒಂದನ್ನೊಂದು ಕತ್ತರಿಸಿಕೊಂಡು ಹೋಗ್ತವೆ, ಬುಟ್ಟಿ ಹೆಣೆದಂಗೆ. ಹಂಗೆ ಹೆಣೆದಾಗ ಗೋಡೆಯಿಂದ ಒಳಕ್ಕೆ ಚಾಚಿಕೊಂಡ ಒಂದು ದೊಡ್ಡ ಅಂಚು ಸಿಕ್ತು. ಪಿಸುಮಾತು ಕೇಳೋ ಗ್ಯಾಲರಿ ಅಂತ ನೀನು ಓಡಾಡಿದ್ಯಲ್ಲ, ಅದು ಇರೋದು ಆ ಅಂಚಿನ ಮೇಲೆ.

ಈಗ ಅಸಲು ವಿಷ್ಯ. ಗುಮ್ಮಟ ಹೊರಕ್ಕೆ ತಳ್ಳುತ್ತೆ. ಗೋಡೆಯಿಂದ ಒಳಕ್ಕೆ ಜೋತುಬಿದ್ದಿರೋ ಆ ಕಮಾನುಗಳ ಭಾರ ಒಳಕ್ಕೆ ಎಳೆಯುತ್ತೆ. ಒಂದು ಇನ್ನೊಂದನ್ನ ತಿಂದುಹಾಕುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ದೇಶದ ಕಟ್ಟಡಗಳ ಬಗ್ಗೆ ಬರೆದ ಜೇಮ್ಸ್ ಫರ್ಗುಸನ್ ಈ ಜಾಣತನ ನೋಡಿ ಬೆರಗಾಗಿದ್ದ. ಅದೇ ಫರ್ಗುಸನ್ "ಕಮಾನು ನಿದ್ದೆ ಮಾಡಲ್ಲ" ಅಂತ ಹಿಂದೂಗಳು ಹೇಳ್ತಾರೆ, ಅದಕ್ಕೇ ಅವ್ರು ಕಮಾನು ಕಟ್ಟಲ್ಲ ಅಂತಾನೂ ಬರೆದಿದಾನೆ. ನಾನು ಮೂವತ್ತು ವರ್ಷದಿಂದ ಗಾರೆಯವರ ಜೊತೆ ಇದೀನಿ, ಕನ್ನಡದಲ್ಲಿ ಯಾರ ಬಾಯಲ್ಲೂ ಈ ಗಾದೆ ಕೇಳಿಲ್ಲ. ಆದ್ರೆ ಮಾತು ಸುಳ್ಳಲ್ಲ. ಹೊಯ್ಸಳರ ಗುಡಿಯ ಭುವನೇಶ್ವರಿ ಒಳಚಾವಣಿ ನೋಡು, ಕಲ್ಲಿನ ಮೇಲೆ ಕಲ್ಲು ಸ್ವಲ್ಪ ಸ್ವಲ್ಪ ಮುಂದಕ್ಕೆ ಚಾಚಿ ಮುಚ್ಚಿದಾರೆ, ಅದು ಹೊರಕ್ಕೆ ತಳ್ಳಲ್ಲ, ಬರೀ ಕೆಳಕ್ಕೆ ಕೂರುತ್ತೆ. ಕಮಾನು ಹಗಲೂ ರಾತ್ರಿ ತಳ್ತಾನೇ ಇರುತ್ತೆ.

ಇನ್ನೊಂದು ಲೆಕ್ಕ ನಿನಗೆ. ಅರ್ಧಗೋಳದ ಗುಮ್ಮಟ ತನ್ನ ಭಾರಕ್ಕೆ ತಾನು ನಿಲ್ಲೋಕೆ ದಪ್ಪ ತ್ರಿಜ್ಯದ ನೂರಕ್ಕೆ 4ರಷ್ಟು ಇದ್ರೆ ಸಾಕು, ಬುಡ ಸರಿಯಬಾರದು ಅಷ್ಟೇ. ಗೋಳಗುಮ್ಮಟದ ಸರಾಸರಿ ತ್ರಿಜ್ಯ 67 ಅಡಿ ಅಂತ ತಗೊಂಡ್ರೆ ಬೇಕಾಗಿರೋ ದಪ್ಪ 3 ಅಡಿಗಿಂತ ಕಮ್ಮಿ. ಬುಡದಲ್ಲಿ ಇರೋದು ಸುಮಾರು 10 ಅಡಿ! ಅಂದ್ರೆ ತಳ್ಳಾಟದ ಗೆರೆ, ಅದೇ ಮೇಲೆ ಹೇಳಿದ ತಲೆಕೆಳಗಾದ ಸರಪಳಿ ಗೆರೆ, ಭಾರ ಕೆಳಕ್ಕಿಳಿಯೋ ದಾರಿ, ಆ ದಪ್ಪದ ಒಳಗೆ ಆರಾಮಾಗಿ ಓಡಾಡ್ಕೊಂಡಿದೆ. ಇದನ್ನ ಕಟ್ಟಿಸಿದ ಸುಲ್ತಾನ ಮಹಮ್ಮದ್ ಆದಿಲ್ ಶಾ ತೀರಿಕೊಂಡಿದ್ದು 1656ರಲ್ಲಿ, ಅಲ್ಲಿಂದ ಇಲ್ಲಿವರೆಗೆ ಇಟ್ಟಿಗೆ, ಸುಣ್ಣದ ಗಾರೆಯ ಆ ಗುಮ್ಮಟ ನಿಂತೇ ಇದೆ.

ಮನೇಲಿ ಸಿಪ್ಪೆ ಸುಲಿದ ಅರ್ಧ ಕಿತ್ತಳೆ ಇದ್ರೆ ಅದನ್ನ ಟೇಬಲ್ ಮೇಲೆ ಕವುಚಿ ಹಾಕಿ ನೆತ್ತಿ ಮೇಲೆ ಒತ್ತು. ಬುಡದಲ್ಲಿ ತೊಳೆ ತೊಳೆ ಬಿಡುತ್ತೆ, ಮೇಲೆ ಬಿಡಲ್ಲ. ಅರ್ಧಗೋಳದಲ್ಲಿ ನೆತ್ತಿಯಿಂದ ಸುಮಾರು 52 ಡಿಗ್ರಿವರೆಗೆ ಬಳೆ ಥರದ ಅಡ್ಡ ಸುತ್ತುಗಳೆಲ್ಲ ಒತ್ತಿಕೊಂಡಿರ್ತವೆ, ಅಲ್ಲಿಂದ ಕೆಳಗೆ ಹಿಗ್ಗೋಕೆ ನೋಡ್ತವೆ. ಇಟ್ಟಿಗೆಗೆ ಹಿಗ್ಗೋದು ಆಗಲ್ಲ, ಸೀಳುತ್ತೆ. ಲೋಕದ ಹಳೇ ಗುಮ್ಮಟಗಳಲ್ಲಿ ಬುಡದಿಂದ ಮೇಲಕ್ಕೆ ಹೋಗೋ ಉದ್ದ ಬಿರುಕು ಕಂಡ್ರೆ ಕಾರಣ ಇದೇ.

ಬಸವನಗುಡಿಯ ಹಿರಿಯ ಓದುಗರೊಬ್ಬರು: ತಾತನ ಕಾಲದ ಮನೆ, ಚಾವಣಿ ಕಬ್ಬಿಣದ ತೊಲೆಗಳ ಮಧ್ಯೆ ಸಣ್ಣ ಸಣ್ಣ ಇಟ್ಟಿಗೆ ಕಮಾನು. ಅದರಲ್ಲಿ ಎರಡು ಕಮಾನಿಗೆ ಸರಿಯಾಗಿ ನಡುನೆತ್ತೀಲಿ ಬಿರುಕು ಬಂದಿದೆ. ನೋಡೋಕೆ ಬಂದ ಇಂಜಿನಿಯರ್ ಹತ್ತು ನಿಮಿಷದಲ್ಲಿ "ಡೇಂಜರ್, ಕೆಡವಿ ಅಪಾರ್ಟ್‌ಮೆಂಟ್ ಮಾಡಿ" ಅಂದ್ರು. ನಿಜವೇ?

ಹತ್ತು ನಿಮಿಷದಲ್ಲಿ ಅಪಾರ್ಟ್‌ಮೆಂಟ್‌ವರೆಗೂ ಹೋದ್ರಾ! ನಿಮ್ಮದು ಜಾಕ್ ಆರ್ಚ್ ಚಾವಣಿ ಯಜಮಾನ್ರೇ, ಹಳೇ ಬೆಂಗಳೂರಲ್ಲಿ, ರೈಲ್ವೆ ಕ್ವಾರ್ಟರ್ಸ್‌ಗಳಲ್ಲಿ ಬೇಕಾದಷ್ಟಿದೆ.

ಬಿರುಕು ಬಂದ ತಕ್ಷಣ ಬೀಳುತ್ತೆ ಅನ್ನೋದು ಕಾಂಕ್ರೀಟ್ ಓದಿದವರ ಹೆದರಿಕೆ. ಕಮಾನಿನ ಕಾಲು ಒಂದೆರಡು ಎಂಎಂ ಆಚೆ ಸರಿದ್ರೆ ಕಮಾನು ಏನ್ ಮಾಡ್ಬೇಕು ಹೇಳಿ, ಅಗಲ ಹೆಚ್ಚಾಯ್ತು, ಇಟ್ಟಿಗೆ ಹಿಗ್ಗಲ್ಲ, ಹಾಗಾಗಿ ನಡುಮಧ್ಯೆ ಕೆಳಗಡೆ ಒಂದು ಬಿರುಕು ಬಿಡುತ್ತೆ, ಎರಡು ಕಾಲಿನ ಹತ್ರ ಮೇಲ್ಗಡೆ ಒಂದೊಂದು. ಮೂರು ಬಿರುಕು ಅಂದ್ರೆ ಮೂರು ಕೀಲು, ಮೂರು ಕೀಲಿರೋ ಕಮಾನು ಇನ್ನೂ ಗಟ್ಟಿಯಾಗೇ ನಿಂತಿರುತ್ತೆ, ಹೊಸ ಅಗಲಕ್ಕೆ ಹೊಂದ್ಕೊಂಡು ಕೂತಿದೆ ಅಷ್ಟೇ. ಬೀಳ್ಬೇಕು ಅಂದ್ರೆ ನಾಲ್ಕನೇ ಕೀಲು ಬೇಕು. ಹಾಗಾಗಿ ಬಿರುಕು ಇದೆಯಾ ಅಂತ ಕೇಳೋದಕ್ಕಿಂತ ಬಿರುಕು ಬೆಳೀತಿದೆಯಾ ಅಂತ ಕೇಳಿ.

ಅದನ್ನ ತಿಳ್ಕೊಳ್ಳೋಕೆ ದೊಡ್ಡ ಮಿಷನ್ ಏನೂ ಬೇಡ. ಮೇಲಿನ ಬಣ್ಣ, ಪ್ಲಾಸ್ಟರ್ ಕೆರೆದು ಬಿರುಕಿಗೆ ಅಡ್ಡಲಾಗಿ ತೆಳ್ಳನೆ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಗಾರೆ ಮೆತ್ತಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಖು ಬರೀರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೀಲಿ. ಗಾಜು ಹಾಗೇ ಇದ್ರೆ ಆ ಬಿರುಕಿಗೆ ನಿಮ್ಮಷ್ಟೇ ವಯಸ್ಸಾಗಿರಬಹುದು. ಒಡೆದಿದ್ರೆ ನನಗೆ ಬರೀರಿ.

ನೀವು ನಿಜವಾಗ್ಲೂ ನೋಡ್ಬೇಕಾದ್ದು ಎರಡು. ತೊಲೆಯ ತಳ, ಬಾತ್‌ರೂಮು, ನೀರಿನ ಟ್ಯಾಂಕಿನ ಕೆಳಗೆ ವಿಶೇಷವಾಗಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತುಕ್ಕು ಪದರ ಪದರವಾಗಿ ಉದುರುತ್ತಾ ನೋಡಿ. ಇನ್ನೊಂದು ಕೊನೇ ಅಂಕಣ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಸಿಟಿ ಬಸ್ಸಲ್ಲಿ ಇಬ್ಬರ ಸೀಟಲ್ಲಿ ಮೂರು ಜನ ಕೂತ್ಕೊಂಡಾಗ ಮಧ್ಯದವನಿಗೆ ಬೀಳೋ ಭಯ ಇಲ್ಲ, ಎರಡೂ ಕಡೆಯಿಂದ ಒತ್ತಿರ್ತಾರೆ. ತುದೀಲಿ ಕೂತೋನು ಮಾತ್ರ ಕಂಬಿ ಹಿಡ್ಕೊಂಡಿರ್ಬೇಕು. ನಿಮ್ಮ ಚಾವಣೀಲೂ ಮಧ್ಯದ ಕಮಾನುಗಳು ಒಂದನ್ನೊಂದು ತಳ್ಕೊಂಡು ಸಮ ಆಗಿರ್ತವೆ, ಕೊನೇ ಕಮಾನು ಗೋಡೆನ ತಳ್ಳುತ್ತೆ, ಅದಕ್ಕೇ ಅಲ್ಲಿ ಕೊನೇ ಎರಡು ತೊಲೆನೋ, ತೊಲೆ ಮತ್ತು ಗೋಡೆನೋ ಸೇರಿಸಿ ಕಬ್ಬಿಣದ ಕಂಬಿ ಬಿಗಿದಿರ್ತಾರೆ. ಒಂದು ಸಲ ಒಂದು ಮನೇಲಿ ಇಂಟೀರಿಯರ್ ಮಾಡೋರು ಫಾಲ್ಸ್ ಸೀಲಿಂಗ್‌ಗೆ ಅಡ್ಡ ಬರುತ್ತೆ ಅಂತ ಆ ಕಂಬಿನ ಗ್ರೈಂಡರ್‌ನಲ್ಲಿ ಕತ್ತರಿಸಿ ಗುಜರಿಗೆ ಹಾಕಿದ್ರು. ನಾನು ಹೋಗಿ ನೋಡೋವಾಗ ಕೊನೇ ಕಮಾನಿನ ಬಿರುಕಲ್ಲಿ ಒಂದು ರೂಪಾಯಿ ನಾಣ್ಯ ನಿಲ್ತಿತ್ತು, ಗೋಡೆ ಹೊರಗಡೆ ಹೊಟ್ಟೆ ಬಂದಿತ್ತು. ಅವತ್ತೇ ರಾತ್ರಿ ಜಾಕ್ ಕೊಟ್ಟು ಕೆಳಗೆ ಮರ ನಿಲ್ಸಿ ಎರಡು ವಾರದಲ್ಲಿ ಹೊಸ ಕಂಬಿ ಹಾಕಿದ್ವಿ, ಮನೆ ಇವತ್ತಿಗೂ ಇದೆ. ಮನೆಯವರು ಫಾಲ್ಸ್ ಸೀಲಿಂಗ್ ಮಾತ್ರ ಹಾಕಿಸ್ಕೊಂಡೇ ಬಿಟ್ರು.

ಬಿರುಕು ನೋಡಿ ಗಾಬರಿ ಬೀಳೋದು ನಿಮ್ಮ ಮನೆಗೆ ಹೊಸದಲ್ಲ. ರೋಮಿನ ಸೇಂಟ್ ಪೀಟರ್ ಚರ್ಚಿನ ಗುಮ್ಮಟ ಸೀಳು ಬಿಟ್ಟಾಗ ಪೋಪ್ ಮೂರು ಜನ ಗಣಿತಜ್ಞರನ್ನ ಕರೆಸಿದ್ರು, ಅವ್ರು ಲೆಕ್ಕ ಹಾಕಿ ಬಹಳ ಅಪಾಯ, ಬಳೆ ಹಾಕಿ ಅಂದ್ರು. ಆಮೇಲೆ ಇಟಲಿಯ ಪಾದುವಾ ಊರಿಂದ ಜಿಯೊವಾನಿ ಪೊಲೇನಿ ಅನ್ನೋ ಪ್ರೊಫೆಸರ್ ಬಂದು ಗುಮ್ಮಟಾನ ಕಿತ್ತಳೆ ತೊಳೆ ಥರ 50 ಹೋಳು ಅಂತ ಊಹಿಸಿಕೊಂಡು, ಒಂದು ಹೋಳಿನ ಭಾರಕ್ಕೆ ಸರಿಯಾಗಿ 32 ತೂಕಗಳನ್ನ ದಾರಕ್ಕೆ ಪೋಣಿಸಿ ಜೋತುಬಿಟ್ಟು ನೋಡಿದ್ರು. ಗೆರೆ ಗುಮ್ಮಟದ ದಪ್ಪದೊಳಗೇ ಬಿತ್ತು. ಸೀಳಿದ್ರೂ ಬೀಳಲ್ಲ ಅಂತ ಹೇಳಿ, ಆದ್ರೂ ಬುಡ ಇನ್ನಷ್ಟು ಅಗಲ ಆಗದಿರ್ಲಿ ಅಂತ ಕಬ್ಬಿಣದ ಬಳೆ ತೊಡಿಸೋದು ಒಳ್ಳೇದು ಅಂದ್ರು. ಐದು ಬಳೆ ಹಾಕಿದ್ರು. ಪೊಲೇನಿ ವರದಿ ಅಚ್ಚಾಗಿದ್ದು 1748ರಲ್ಲಿ. ಇಬ್ಬರ ಮದ್ದೂ ಒಂದೇ ಆಯ್ತು ಅನ್ನಿ, ಆದ್ರೆ ಒಬ್ಬರು ರೋಗಿನ ಹೆದರಿಸಿ ಮದ್ದು ಕೊಟ್ರು, ಇನ್ನೊಬ್ರು ನಾಡಿ ನೋಡಿ.

ದಾವಣಗೆರೆಯ ಎಂ.ಟೆಕ್. ವಿದ್ಯಾರ್ಥಿನಿ: ಇಟ್ಟಿಗೆ ಗುಮ್ಮಟ ಒಂದನ್ನ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡಿದೆ ಸರ್. ಎಲ್ಲಾ ಕಡೆ ಟೆನ್ಷನ್ (ಎಳೆತ), ಪೂರ್ತಿ ಕೆಂಪು. ಗೈಡ್ ಫೇಲ್ ಅಂತಿದಾರೆ. ಆದ್ರೆ ಆ ಗುಮ್ಮಟ ಮುನ್ನೂರು ವರ್ಷದಿಂದ ನಿಂತಿದೆ!

ಹಾಗಾದ್ರೆ ಫೇಲ್ ಆಗಿದ್ದು ಮಾಡೆಲ್ಲು, ಗುಮ್ಮಟ ಅಲ್ಲ ಕಣಮ್ಮಾ. ನೀನು ಇಟ್ಟಿಗೆನ ರಬ್ಬರ್ ಥರ ಒಂದೇ ತುಂಡು ಅಂತ ಹೇಳಿಕೊಟ್ಟಿದೀಯ, ಬುಡ ಒಂಚೂರೂ ಅಲ್ಲಾಡಲ್ಲ ಅಂತಾನೂ ಹೇಳಿಕೊಟ್ಟಿದೀಯ. ಒಂದು ಕೆಲಸ ಮಾಡು, ಬುಡದ ಒಂದು ಸಪೋರ್ಟ್‌ನ ಎರಡು ಎಂಎಂ ಹೊರಕ್ಕೆ ಸರಿಸಿ ಮತ್ತೆ ರನ್ ಮಾಡು, ಕೆಂಪು ಎಲ್ಲೆಲ್ಲಿಗೋ ಹೋಗುತ್ತೆ. ನಿಜವಾದ ಗುಮ್ಮಟ ಮುನ್ನೂರು ವರ್ಷದಲ್ಲಿ ಎಷ್ಟು ಎಂಎಂ ಎತ್ತ ಸರಿದಿದೆ ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ "ನಿಜವಾದ ಸ್ಟ್ರೆಸ್" ಅಂತ ಒಂದು ಅಂಕಿ ಹುಡುಕೋದೇ ವ್ಯರ್ಥ.

ಊರ ಜಾತ್ರೇಲಿ ಪಲ್ಲಕ್ಕಿ ಹೊರೋ ನಾಲ್ಕು ಜನಾನ ನೋಡಿದೀಯಲ್ಲ, ರಸ್ತೆ ತಗ್ಗುದಿಣ್ಣೆ, ಒಂದು ಹೆಜ್ಜೇಲಿ ಮುಂದಿನವನ ಮೇಲೆ ಭಾರ, ಇನ್ನೊಂದು ಹೆಜ್ಜೇಲಿ ಹಿಂದಿನವನ ಮೇಲೆ. ಈ ಕ್ಷಣ ಯಾರ ಹೆಗಲ ಮೇಲೆ ಎಷ್ಟು ಕೆಜಿ ಅಂತ ಕೇಳಿದ್ರೆ ಉತ್ತರ ಇಲ್ಲ. ಆದ್ರೆ ಭಾರಾನ ಹಂಚ್ಕೊಳ್ಳೋಕೆ ನಾಲ್ಕೂ ಜನರ ತಾಕತ್ತಿನೊಳಗೆ ಒಂದು ದಾರಿ ಇದೆ ಅಂತ ತೋರಿಸಿಬಿಟ್ರೆ ಸಾಕು, ಒಬ್ಬನಿಗೆ ಜಾಸ್ತಿ ಆದಾಗ ಅವನು ಚೂರು ಬಗ್ತಾನೆ, ಭಾರ ಪಕ್ಕದವನಿಗೆ ಹೋಗುತ್ತೆ, ಪಲ್ಲಕ್ಕಿ ಬೀಳಲ್ಲ. ಜಾಕ್ ಹೇಮನ್ ಅನ್ನೋ ಕೇಂಬ್ರಿಜ್ ಪ್ರೊಫೆಸರ್ 1966ರಲ್ಲಿ ಕಲ್ಲುಕಟ್ಟಡಕ್ಕೆ ಹೇಳಿದ್ದು ಇದನ್ನೇ. ಕಲ್ಲು ಎಳೆತ ತಡೆಯಲ್ಲ, ಒತ್ತಿಗೆ ಪುಡಿ ಆಗಲ್ಲ, ಕಲ್ಲಿನ ಮೇಲೆ ಕಲ್ಲು ಜಾರಲ್ಲ ಅಂತ ಮೂರು ಇಟ್ಕೊಂಡು, ದಪ್ಪದೊಳಗೆ ಪೂರ್ತಿ ಕೂರೋ ಒಂದೇ ಒಂದು ತಳ್ಳಾಟದ ಗೆರೆ ಸಿಕ್ಕಿದ್ರೆ ಕಟ್ಟಡ ಸೇಫ್. ಆ ಗೆರೇನೇ ನಿಜವಾದ ಗೆರೆ ಆಗಿರ್ಬೇಕು ಅಂತಿಲ್ಲ. ನೀನು ಒಂದು ಹುಡುಕಿದ್ರೆ ಕಟ್ಟಡ ತಾನೇ ಒಂದು ಹುಡುಕ್ಕೊಂಡಿರುತ್ತೆ, ಅದು ನಮಗಿಂತ ಜಾಣ.

ಗೈಡ್ ಬೇಜಾರಾಗದಂಗೆ ಥೀಸಿಸ್‌ನಲ್ಲಿ ಎರಡೂ ಹಾಕು, ಮಾಡೆಲ್ಲೂ ಹಾಕು, ಹೋಳು ಹೋಳಾಗಿ ಕೈಯಲ್ಲಿ ಎಳೆದ ಬಲದ ಚಿತ್ರಾನೂ ಹಾಕು. ಈ ಗೆರೇನ ಎರಡು ದಿಕ್ಕಿಗೂ ಬಲೆ ಥರ ಹರಡಿಸೋ ಲೆಕ್ಕಾನ ಜ್ಯೂರಿಕ್‌ನ ಇಟಿಎಚ್‌ನಲ್ಲಿರೋ ಫಿಲಿಪ್ ಬ್ಲಾಕ್ ಮಾಡಿದಾರೆ, ಅವರ ತಂಡ 2016ರಲ್ಲಿ ವೆನಿಸ್‌ನಲ್ಲಿ 399 ಕಲ್ಲಿನ ತುಂಡು ಜೋಡಿಸಿ ಗಾರೆನೇ ಇಲ್ದೆ ಒಂದು ಚಪ್ಪರ ನಿಲ್ಸಿತ್ತು, ಕೆಲವು ಕಡೆ ದಪ್ಪ ಬರೀ 5 ಸೆಂಟಿಮೀಟರ್. ಅದರ ಬುಡ ಹೊರಕ್ಕೆ ಹೋಗದಂಗೆ ಕೆಳಗೆ ಕಬ್ಬಿಣದ ಕಟ್ಟು ಇತ್ತು ಅನ್ನೋದನ್ನೂ ಬರಿ, ಫೋಟೋ ನೋಡೋರು ಅದನ್ನ ಗಮನಿಸಲ್ಲ.

ಮೈಸೂರಿನಿಂದ: ತೆಳ್ಳನೆ ಕಾಂಕ್ರೀಟ್ ಶೆಲ್ (ಚಿಪ್ಪಿನ ಥರ ಬಾಗಿದ ಚಾವಣಿ) ಈಗ ಯಾಕೆ ಯಾರೂ ಕಟ್ಟಲ್ಲ?

ಸೆಂಟ್ರಿಂಗ್ ಖರ್ಚು. ಫೆಲಿಕ್ಸ್ ಕ್ಯಾಂಡೆಲಾ ಮೆಕ್ಸಿಕೋದ ಶೋಚಿಮಿಲ್ಕೋದಲ್ಲಿ 1958ರಲ್ಲಿ ಕಟ್ಟಿದ ಹೋಟೆಲ್ ಚಾವಣಿ ಬರೀ 4 ಸೆಂಟಿಮೀಟರ್ ದಪ್ಪ, ನಮ್ಮ ಮನೆ ಮೋಲ್ಡೇ ಅದಕ್ಕಿಂತ ಮೂರು ಪಟ್ಟು. ಆದ್ರೆ ಅದರ ಕೆಳಗಿನ ಮರದ ಕೆಲಸ ಮಾಡೋಕೆ ಬಡಗಿಗಳ ದಂಡು ಬೇಕು, ಕೂಲಿ ಏರಿದ ಮೇಲೆ ಕಾಂಕ್ರೀಟ್ ಉಳಿಸಿದ ದುಡ್ಡು ಮರಕ್ಕೆ ಹೋಯ್ತು. ಇಟ್ಟಿಗೇಲೂ ಶೆಲ್ ಮಾಡಿದಾರೆ, ಉರುಗ್ವೆಯ ಎಲಾಡಿಯೊ ಡಿಯೆಸ್ತೆ ಅಟ್ಲಾಂಟಿಡಾದಲ್ಲಿ ಕಟ್ಟಿದ ಚರ್ಚ್ ನೋಡಿ, ಗೋಡೆನೂ ಅಲೆ, ಚಾವಣಿನೂ ಅಲೆ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿ ಇಟ್ಟಿಗೆ ಸಂದೀಲಿ ಕಂಬಿ ಇದೆ, ತಿಪಟೂರಿನ ಮೇಸ್ತ್ರಿಗೆ ಹೇಳಿ.

ರಾಮನಗರದ ಓದುಗರು (ಗೃಹಿಣಿ, ಮನೆ ಕಟ್ಟಿಸೋ ಉಸ್ತುವಾರಿ ನಂದೇ ಅಂತ ಬರೆದಿದಾರೆ): ಸೆಂಟ್ರಿಂಗೇ ಇಲ್ಲದೆ ಕಮಾನು ಕಟ್ತಾರಂತೆ, ಹೌದಾ? ಗಾಳೀಲಿ ಇಟ್ಟಿಗೆ ಹೆಂಗೆ ನಿಲ್ಲುತ್ತೆ?

ಗಾಳೀಲಿ ನಿಲ್ಲಲ್ಲಮ್ಮಾ, ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತೆ. ಈಜಿಪ್ಟಿನ ದಕ್ಷಿಣದ ನೂಬಿಯಾ ಜನರ ವಿದ್ಯೆ ಇದು. ಒಂದು ತುದೀಲಿ ಗೋಡೆ ಪೂರ್ತಿ ಎತ್ತರಕ್ಕೆ ಕಟ್ಕೊಂಡು ಅದರ ಮೇಲೆ ಕಮಾನಿನ ಗೆರೆ ಬರೀತಾರೆ. ಆಮೇಲೆ ಮೊದಲ ಸುತ್ತಿನ ಇಟ್ಟಿಗೆನ ನೆಟ್ಟಗೆ ನಿಲ್ಲಿಸದೆ ಗೋಡೆಗೆ ಓರೆಯಾಗಿ, ಕುರ್ಚಿ ಹಿಂದಕ್ಕೆ ಒರಗಿದಂಗೆ ಅಂಟಿಸ್ತಾರೆ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಮೇಲೆ ಒರಗುತ್ತೆ. ಇಟ್ಟಿಗೆ ತೆಳ್ಳಗೆ, ಹಗುರ, ಅದರ ಮುಖದ ಮೇಲೆ ಹಸಿಯಿದ್ದಾಗಲೇ ಬೆರಳಲ್ಲಿ ಗೀರು ಎಳೆದಿರ್ತಾರೆ ಮಣ್ಣು ಹಿಡ್ಕೊಳ್ಳಲಿ ಅಂತ. ಗಾರೆ ಅಂಟಂಟಾಗಿ ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿಗಿಂತಾನೂ ಸ್ವಲ್ಪ ಗಟ್ಟಿ. ಇಟ್ಟಿಗೆ ಇಟ್ಟು ಒತ್ತಿ ಒಂದೆರಡು ಸಲ ಆಡಿಸಿ ಕೈ ಬಿಟ್ರೆ ಹಿಡ್ಕೊಂಡಿರುತ್ತೆ. ಒಂದು ಸುತ್ತು ಮುಗಿದು ಎರಡೂ ಕಡೆಯಿಂದ ಬಂದ ಇಟ್ಟಿಗೆ ನಡುವಲ್ಲಿ ಸೇರಿದ್ರೆ ಅದು ಕಮಾನು ಆಯ್ತು, ಇನ್ನು ಅಂಟಿನ ಹಂಗಿಲ್ಲ.

ಹಸನ್ ಫಾತಿ ಅನ್ನೋ ಈಜಿಪ್ಟಿನ ಆರ್ಕಿಟೆಕ್ಟ್ ಅಸ್ವಾನ್ ಕಡೆಯ ಮೇಸ್ತ್ರಿಗಳನ್ನ ಹುಡುಕಿ ಕರ್ಕೊಂಡು ಬಂದು 1940ರ ದಶಕದಲ್ಲಿ ಲಕ್ಸರ್ ಹತ್ರ ನ್ಯೂ ಗೌರ್ನಾ ಅಂತ ಒಂದು ಹಳ್ಳಿನೇ ಹಿಂಗೆ ಕಟ್ಟಿಸಿದ್ರು. ಅಲ್ಲೇ ಹತ್ರ ರಮೇಸಿಯಂನಲ್ಲಿ ಮೂರು ಸಾವಿರ ವರ್ಷಕ್ಕಿಂತ ಹಳೇ ಕಣಜಗಳು ಹಸಿ ಇಟ್ಟಿಗೆ ಕಮಾನಿನಲ್ಲೇ ಇನ್ನೂ ನಿಂತಿವೆ.

ನಿಮಗೆ ಹತ್ತಿರದಲ್ಲಿ ನೋಡ್ಬೇಕಂದ್ರೆ ಪುದುಚೇರಿ ಪಕ್ಕದ ಆರೋವಿಲ್‌ನಲ್ಲಿರೋ ಅರ್ಥ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ, ಒತ್ತಿ ಮಾಡಿದ ಮಣ್ಣಿನ ಬ್ಲಾಕಲ್ಲಿ ಇದನ್ನ ಕಲಿಸ್ತಾರೆ, ತರಬೇತಿ ಇರುತ್ತೆ, ನಿಮ್ಮ ಮೇಸ್ತ್ರಿನೂ ಕರ್ಕೊಂಡು ಹೋಗಿ, ಬರೀ ನೀವು ಕಲ್ತು ಬಂದು ಹೇಳಿದ್ರೆ ಅವ್ರು ಕೇಳಲ್ಲ. ಕೊಯಮತ್ತೂರಿನ ಧ್ಯಾನಲಿಂಗದ 22 ಮೀಟರ್ ಅಗಲದ ಇಟ್ಟಿಗೆ ಗುಮ್ಮಟಾನೂ ಅವರ ಲೆಕ್ಕದ್ದೇ, ಕಬ್ಬಿಣ ಇಲ್ಲ, ಬುಡದಲ್ಲಿ 53 ಸೆಂಟಿಮೀಟರ್ ದಪ್ಪ ಇರೋದು ನೆತ್ತಿಗೆ ಬರೋವಾಗ 21 ಆಗುತ್ತೆ.

ತೀರ್ಥಹಳ್ಳಿಯಿಂದ: ನಮ್ಮ ಮಳೆಗೆ ಇದು ತಡೆಯುತ್ತಾ?

ಕಮಾನು ತಡೆಯುತ್ತೆ, ಸೋರದಂಗೆ ಇರೋದು ಕಷ್ಟ. ಎಳೆ ಬಿರುಕು ಬಂದೇ ಬರುತ್ತೆ ಅಂತ ಮೇಲೇ ಹೇಳಿದೀನಿ, ನಿಮ್ಮ ಮಳೆಗೆ ಅಷ್ಟು ಸಾಕು. ನನ್ನ ಕೇಳಿದ್ರೆ ಮಲೆನಾಡಲ್ಲಿ ಕಮಾನಿನ ಮೇಲೆ ಇನ್ನೊಂದು ಹೆಂಚಿನ ಮಾಡು ಹಾಕಿ, ಇಲ್ಲಾಂದ್ರೆ ಬರೀ ಹೆಂಚೇ ಹಾಕಿ, ದುಡ್ಡು ಉಳಿಯುತ್ತೆ.

ಕೊಪ್ಪಳದಿಂದ: ಭೂಕಂಪ ಆದ್ರೆ?

ಗಟ್ಟಿ ಪ್ರಶ್ನೆ. ಭೂಕಂಪ ಅಂದ್ರೆ ಕಟ್ಟಡಾನ ಪಕ್ಕಕ್ಕೆ ವಾಲಿಸಿದಂಗೆ ಅಂತ ತಿಳ್ಕೊಳ್ಳಿ. ಸರಪಳಿ ಪ್ರಯೋಗಾನ ಗೋಡೆ ಬದಲು ಹಲಗೆ ಮೇಲೆ ಮಾಡಿ, ಆ ಹಲಗೆನ ಓರೆ ಮಾಡಿದ್ರೆ ಗೆರೆ ಒಂದು ಬದಿಗೆ ಹೋಗುತ್ತೆ. ಓರೆ ಮಾಡಿದ ಮೇಲೂ ದಪ್ಪದೊಳಗೆ ಗೆರೆ ಸಿಗ್ತಿದ್ರೆ ಸರಿ, ದಪ್ಪ ದಾಟಿ ಹೊರಬಿದ್ರೆ ನಾಲ್ಕನೇ ಕೀಲು ಬಂತು. ತೆಳು ಕಮಾನು, ಎತ್ತರದ ಗೋಡೆ, ಕಟ್ಟು ಇಲ್ಲ, ಇವು ಮೂರೂ ಸೇರಿದ್ರೆ ನಾನಂತೂ ಕೆಳಗೆ ಮಲಗಲ್ಲ. ಸುತ್ತಲೂ ಬೀಮು, ಅಡ್ಡ ಕಂಬಿ, ಮೂಲೆ ಗಟ್ಟಿ, ಇಷ್ಟು ಮಾಡಿ.

ಹಾಸನದ ಗಾರೆ ಮೇಸ್ತ್ರಿಯೊಬ್ಬರು (ಇವರ ಪತ್ರ ಎಲ್ಲಕ್ಕಿಂತ ಖುಷಿ ಕೊಡ್ತು): ಸಾರ್, ಕಮಾನು ಹಾಕಿದೀನಿ, ಹತ್ತಡಿ ಅಗಲ, ಎರಡು ಕಡೆ ಕಂಬಿ ಬಿಗಿದಿದೀನಿ. ಸೆಂಟ್ರಿಂಗ್ ಬಿಚ್ಚೋಕೆ ಕೈ ಬರ್ತಿಲ್ಲ.

ಬರುತ್ತೆ ಮೇಸ್ತ್ರಿಗಳೇ. ಸೆಂಟ್ರಿಂಗ್ ಕೆಳಗೆ ಜೋಡಿ ಬೆಣೆ ಕೊಟ್ಟಿದೀರಿ ಅಂದ್ಕೋತೀನಿ. ಯಾವುದನ್ನೂ ಒಂದೇ ಸಲ ಹೊಡೆದು ತೆಗೀಬೇಡಿ. ಮೊದಲು ಅಡ್ಡ ಕಂಬಿ ನಟ್ಟು ಬಿಗಿಯಾಗಿದೆಯಾ ನೋಡ್ಕೊಳ್ಳಿ, ಕಮಾನಿನ ಭುಜಕ್ಕೆ ತುಂಬೋದನ್ನ ಎರಡೂ ಕಡೆ ಸಮವಾಗಿ ತುಂಬಿರ್ಲಿ, ಒಂದು ಕಡೆ ಮಾತ್ರ ತುಂಬಿದ್ರೆ ಸರಪಳಿ ಒಂದು ಬದಿಗೆ ಜೋತಂಗೆ ಆಗುತ್ತೆ. ಆಮೇಲೆ ಬೆಣೆಗಳಿಗೆಲ್ಲ ಸಾಲಾಗಿ ಒಂದೊಂದೇ ಪೆಟ್ಟು, ನಡುವಿಂದ ಶುರು ಮಾಡಿ ಎರಡೂ ಕಡೆಗೆ, ಇನ್ನೊಂದು ಸುತ್ತು, ಇನ್ನೊಂದು ಸುತ್ತು. ಒಂದು ಹಂತದಲ್ಲಿ ಹಲಗೆ ಮತ್ತು ಇಟ್ಟಿಗೆ ಮಧ್ಯೆ ಕಾಗದ ತೂರೋವಷ್ಟು ಸಂದು ಕಾಣುತ್ತೆ, ಅಲ್ಲಿಗೆ ಕಮಾನು ತನ್ನ ಭಾರ ತಾನು ಹೊತ್ಕೊಂಡಾಯ್ತು. ಚಟ್ ಅಂತ ಸಣ್ಣ ಸದ್ದು ಬರಬಹುದು, ನಡುಮಧ್ಯೆ ಕೆಳಗಡೆ ಕೂದಲೆಳೆಯಷ್ಟು ಬಿರುಕೂ ಬರಬಹುದು. ಹುಡುಗರು ಓಡಬಹುದು. ಹಲಗೆ ಒಂದು ದಿನ ಹಾಗೇ ಕೆಳಗೆ ಬಿಟ್ಟು, ಗೋಡೆ ತಲೆಗಳಿಂದ ತೂಗುಗುಂಡು ಬಿಟ್ಟು ಬೆಳಿಗ್ಗೆ ಒಂದು, ಸಂಜೆ ಒಂದು ಅಳತೆ ತಗೊಳ್ಳಿ. ಎರಡೂ ಒಂದೇ ಬಂದ್ರೆ ಮಾರನೇ ದಿನ ಹಲಗೆ ತೆಗೆದು ಕೆಳಗೆ ಕೂತ್ಕೊಂಡು ಟೀ ಕುಡೀರಿ, ಫೋಟೋ ನನಗೆ ಕಳಿಸಿ.